ಬೋರ್ಡಿನ ಅಡಿಯ ಎಂಟು ರೆಸಿಸ್ಟರ್‌ಗಳು

ಉಮಾನಾಥ ಕಾರ್ಕಳದಿಂದ ಕಾಪುವಿಗೆ ಆ ಪೆಟ್ಟಿಗೆಯನ್ನು ತಂದದ್ದು ಬಾಣಂತಿಯನ್ನು ಮನೆಗೆ ಕರೆತರುವ ಹಾಗೆ. ಓಮ್ನಿಯ ಹಿಂದಿನ ಸೀಟು ಕಳಚಿ, ಕೆಳಗೆ ಹಳೆಯ ಹಾಸಿಗೆ ಹಾಸಿ, ಮೇಲೆ ಬೆಡ್‌ಶೀಟು ಹೊದೆಸಿದ್ದ. ಶಿರ್ವದವರೆಗೂ ಮೂರನೇ ಗೇರು ಹಾಕಿರಲಿಲ್ಲವಂತೆ. ಗೇಟಿನೆದುರು ಗಾಡಿ ನಿಲ್ಲಿಸಿದವನೇ ಇಳಿದು ಮೊದಲು ಹಿಂದಿನ ಬಾಗಿಲು ತೆಗೆದು ಹೊದಿಕೆ ಸರಿಸಿ ನೋಡಿದ, ಆಮೇಲೆ ಮನೆಯವರಿಗೆ ನಮಸ್ಕಾರ ಹೇಳಿದ.

ಪೆಟ್ಟಿಗೆಯೆಂದರೆ ವಾಲ್ವು ಆಂಪ್ಲಿಫೈಯರ್. ಹವ್ಯಾಸಿ ರೇಡಿಯೋದವರು ಎಂಬ ಒಂದು ಬಗೆಯ ಜನ ಇದ್ದಾರೆ. ಸರಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ತಂತಿ ಕಟ್ಟಿ, ಕಂಡು ಕೇಳದ ಊರುಗಳ ಜೊತೆ ಮಾತಾಡುವವರು. ಅವರ ಸಣ್ಣ ಸೆಟ್ಟಿನ ಸ್ವರಕ್ಕೆ ಬಲ ಸಾಲದಿದ್ದಾಗ ಸೆಟ್ಟಿಗೂ ತಂತಿಗೂ ನಡುವೆ ಈ ಪೆಟ್ಟಿಗೆ ಕೂರುತ್ತದೆ. ಒಳಗೆ ಅರ್ಧ ಲೀಟರಿನ ಬಾಟ್ಲಿಯಷ್ಟು ದೊಡ್ಡ ಎರಡು ವಾಲ್ವುಗಳು, ಎರಡು ಸಾವಿರದ ಇನ್ನೂರು ವೋಲ್ಟು. ಕಿಸೆಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ಅವರನ್ನು ಕೇಳಬಾರದು. ಕೇಳಿದವರು ಮಧ್ಯಾಹ್ನದ ಊಟ ಮರೆಯಬೇಕಾಗುತ್ತದೆ.

ಕರಾವಳಿಯಲ್ಲಿ ಇಂಥ ಪೆಟ್ಟಿಗೆ ಎಲ್ಲಿ ಕೆಟ್ಟರೂ ಕೊನೆಗೆ ಬಂದು ಸೇರುವುದು ಪ್ರಫುಲ್ಲಾಳ ಜಗಲಿಗೆ. ಮಣಿಪಾಲದ ಒಂದು ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ಹೋದ ವರ್ಷ ನಿವೃತ್ತಳಾದವಳು ಅವಳು. ಮಾತು ಕಡಿಮೆ. ಲೈಸೆನ್ಸ್ ಸಿಕ್ಕಿ ಇಪ್ಪತ್ತೇಳು ವರ್ಷವಾದರೂ ಮೈಕ್ ಕೈಗೆ ಬಂದರೆ ನಾಲಿಗೆ ಅಂಟುತ್ತದೆ; ಲೈಸೆನ್ಸಿನಲ್ಲಿ ಕೊಟ್ಟ ತನ್ನ ಕರೆಗುರುತು ಹೇಳಿ, ಶುಭೋದಯ ಹೇಳಿ, ಮುಗಿಸಿಬಿಡುತ್ತಾಳೆ. ಆದರೆ ಸುಟ್ಟ ವಾಸನೆ ಮೂಗಿಗೆ ಹಿಡಿದು ಯಾವ ಭಾಗ ಹೋಯಿತೆಂದು ಹೇಳಬಲ್ಲವರು ಉಡುಪಿಯಿಂದ ಈಚೆಗೆ ಅವಳೊಬ್ಬಳೇ. ಗಂಡ ಅಣ್ಣು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ನೋಡಿಕೊಳ್ಳುವವನು. ಮನೆಯಲ್ಲಿ ಒಬ್ಬರದು ತಣ್ಣಗೆ ಮಾಡುವ ಕೆಲಸ, ಒಬ್ಬರದು ಬಿಸಿ ಮಾಡುವ ಕೆಲಸ ಎಂದು ಅವನು ಬಂದವರೆಲ್ಲರ ಹತ್ತಿರ ಹೇಳಿ ನಗುತ್ತಾನೆ.

"ಎಂತ ಆಗ್ತದೆ ಇದಕ್ಕೆ?" ಪ್ರಫುಲ್ಲಾ ಕೇಳಿದಳು.

"ಅಕ್ಕ, ಎರಡು ದಿವಸ ಚಂದ ನಡೀತು. ಮೂರನೇ ದಿವಸ ನಾನು ಮೈಕ್ ಮುಟ್ಟದಿದ್ರೂ ಮೀಟರಿನ ಮುಳ್ಳು ತನ್ನಷ್ಟಕ್ಕೇ ಮೇಲೆ ಹೋಯ್ತು. ಫ್ಯೂಸು ಠುಸ್. ಹೊಸ ಫ್ಯೂಸು ಹಾಕಿದೆ, ಅದೂ ಠುಸ್. ಈಗ ಇನ್ನೊಂದು ಹಾಕಿಯೇ ತಂದದ್ದು."

ಉಮಾನಾಥನಿಗೆ ನಲವತ್ತರ ಹತ್ತಿರ. ಕಾರ್ಕಳದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಲೈಸೆನ್ಸ್ ಸಿಕ್ಕಿ ಒಂದು ವರ್ಷವೂ ಆಗಿಲ್ಲ, ಆಗಲೇ ಟ್ರಾನ್ಸ್‌ಫಾರ್ಮರು ತಾನೇ ಸುತ್ತಿ ಆಂಪ್ಲಿಫೈಯರ್ ಕಟ್ಟಿದ್ದ. ಪ್ರಫುಲ್ಲಾ ಪೆಟ್ಟಿಗೆಯನ್ನು ಮೇಜಿಗೇರಿಸಿ, ಕರೆಂಟು ಕೊಟ್ಟು, ವಾಲ್ವು ಕಾಯುವವರೆಗೆ ಕಾದು, ಸ್ವಿಚ್ಚು ಒತ್ತಿದಳು. ಮೈಕ್ ಯಾರೂ ಮುಟ್ಟಿರಲಿಲ್ಲ, ಆದರೂ ಮುಳ್ಳು ಬಲಕ್ಕೆ ವಾಲಿತು. ಕೂಡಲೇ ಆರಿಸಿದಳು.

"ಅದು ತನ್ನಷ್ಟಕ್ಕೇ ಹಾಡ್ತಾ ಉಂಟು. ವಾಲ್ವಿನ ತಲೆಯ ಹತ್ತಿರ ಸಣ್ಣ ಸುರುಳಿ ಉಂಟಲ್ಲ, ಎಷ್ಟು ಸುತ್ತು ಸುತ್ತಿದ್ರಿ?"

"ಮೂರು ಅಂತ ಬರ್ದಿತ್ತು. ನಾನು ಗಟ್ಟಿ ಇರ್ಲಿ ಅಂತ ಒಂಬತ್ತು ಸುತ್ತಿದೆ."

"ಮೋಟರ್ ಸುತ್ತುವ ಕೈ ಮೂರಕ್ಕೆ ನಿಲ್ತದಾ!" ಪ್ರಫುಲ್ಲಾ ನಕ್ಕಳು. "ಒಳಗಿನ ರೆಸಿಸ್ಟರು ಸುಟ್ಟು ಕರಿ ಆಗಿರ್ತದೆ ನೋಡಿ. ಹತ್ತು ನಿಮಿಷದ ಕೆಲಸ."

ಪ್ಲಗ್ಗು ಕಿತ್ತಳು. ಮೇಲಿನ ಮುಚ್ಚಳದ ಹದಿನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿದಳು. ಅಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಗೋಡೆಗೆ ಒರಗಿಸಿಟ್ಟ ಕೋಲು ತೆಗೆದುಕೊಂಡಳು. ಮೂರಡಿಯ ಫೈಬರ್ ಕೋಲು, ತುದಿಗೆ ಹಿತ್ತಾಳೆಯ ಕೊಕ್ಕೆ, ಕೊಕ್ಕೆಯಿಂದ ಪೆಟ್ಟಿಗೆಯ ಮೈಗೆ ದಪ್ಪ ತಾಮ್ರದ ತಂತಿ. ಕರೆಂಟು ತೆಗೆದ ಮೇಲೂ ಇಂಥ ಪೆಟ್ಟಿಗೆಯ ಕಂಡೆನ್ಸರುಗಳಲ್ಲಿ ವಿದ್ಯುತ್ತು ತುಂಬಿರುತ್ತದೆ. ಕೈ ಹಾಕುವ ಮೊದಲು ಕೋಲಿನಿಂದ ಮುಟ್ಟಿ ಅದನ್ನು ಇಳಿಸಲೇಬೇಕು, ಎಡಗೈ ಬೆನ್ನ ಹಿಂದೆ ಇರಬೇಕು. ಇಪ್ಪತ್ತೇಳು ವರ್ಷದಲ್ಲಿ ಈ ಕ್ರಮವನ್ನು ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ. ನೋಡಿದವರು ಪ್ರಫುಲ್ಲಕ್ಕನ ಮಂಗಳಾರತಿ ಎಂದು ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡಲು ಕಾರಣವೂ ಇತ್ತು. ಕಂಡೆನ್ಸರುಗಳ ಮೇಲೆ ಬ್ಲೀಡರ್ ಎಂಬ ರೆಸಿಸ್ಟರುಗಳಿದ್ದರೆ ಅವೇ ಎರಡು ನಿಮಿಷದಲ್ಲಿ ಎಲ್ಲವನ್ನೂ ಬರಿದು ಮಾಡಿರುತ್ತವೆ. ಕೋಲಿಗೆ ಏನೂ ಉಳಿದಿರುವುದಿಲ್ಲ.

ಕೊಕ್ಕೆ ತಾಗಿದ್ದೇ ತಡ, ಢಬ್ ಎಂದು ಸದ್ದಾಯಿತು. ನೀಲಿ ಬೆಳಕು ಚಿಮ್ಮಿತು. ಒಳಗೆ ಕುಳಿತಿದ್ದ ಅಣ್ಣು ಪೇಪರು ಬಿಸಾಡಿ ಓಡಿ ಬಂದ. ಹಿತ್ತಾಳೆಯ ಕೊಕ್ಕೆಯ ತುದಿ ಕರಗಿ ಗುಳಿ ಬಿದ್ದಿತ್ತು.

ಪ್ರಫುಲ್ಲಾ ಉಮಾನಾಥನ ಮುಖ ನೋಡಿದಳು. ಈ ಮನುಷ್ಯ ಮನೆಯಲ್ಲಿ ಫ್ಯೂಸು ಬದಲಿಸಲು ಇದರೊಳಗೆ ಕೈ ಹಾಕಿದ್ದಾನಲ್ಲ ಎಂದುಕೊಂಡಳು.

"ಬ್ಲೀಡರ್ ಎಲ್ಲಿ ಹಾಕಿದ್ದೀರಿ?"

"ಯಾವುದಕ್ಕ ಅದು?"

"ಕಂಡೆನ್ಸರಿನ ಮೇಲೆ. ಒಂದೊಂದಕ್ಕೂ ಒಂದೊಂದು. ಎಂಟು."

"ನಕ್ಷೆಯಲ್ಲಿ ಇರ್ಲಿಲ್ಲ ಅಕ್ಕ. ನಾನು ಒಂದು ಗೆರೆ ಬಿಡದೆ ನಕ್ಷೆಯಲ್ಲಿ ಇದ್ದ ಹಾಗೇ ಮಾಡಿದ್ದು." ಉಮಾನಾಥ ಕಿಸೆಯಿಂದ ಮೊಬೈಲ್ ತೆಗೆದು ತೋರಿಸಿದ. "ನಮ್ಮ ರಘುವೀರ ಸರ್ ಅವರದ್ದೇ ಡಿಸೈನು. ನಮ್ಮ ರೇಡಿಯೋ ಬಳಗದ ಕೈಪಿಡಿಯಲ್ಲಿ ಬಂದಿದೆ. ನೀವು ನೋಡ್ಲಿಲ್ವಾ?"

ಅವಳು ನೋಡಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದಳು. ಮೇಲೆ ರಘುವೀರರ ಫೋಟೋ, ಕೆಳಗೆ 'ಕರಾವಳಿಯ ಹವೆಗೆ ಒಗ್ಗುವ ಆಂಪ್ಲಿಫೈಯರ್: ನನ್ನ ಎರಡು ವರ್ಷಗಳ ಪ್ರಯೋಗ'. ಅದರ ಕೆಳಗೆ ನಕ್ಷೆ. ಕಂಪ್ಯೂಟರಿನಲ್ಲಿ ಹೊಸದಾಗಿ ಎಳೆದ ಗೆರೆಗಳು, ಆದರೆ ಅವಳು ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದ ನಕ್ಷೆಯ ಎಲ್ಲವೂ ಇದ್ದಲ್ಲೇ ಇತ್ತು. ಉಪ್ಪುಗಾಳಿಗೆ ಟ್ಯೂನಿಂಗ್ ಕಂಡೆನ್ಸರಿನ ತಗಡುಗಳು ತುಕ್ಕು ಹಿಡಿದು ಕಿಡಿ ಹಾರಿಸುತ್ತವೆಂದು ಅವಳು ಅವುಗಳ ನಡುವಿನ ಅಂತರ ಎರಡು ಪಟ್ಟು ಮಾಡಿದ್ದಳು, ಅದು ಇತ್ತು. ಮಳೆಗಾಲದ ತೇವ ಒಣಗಲೆಂದು ಮೂಲೆಯಲ್ಲೊಂದು ಝೀರೋ ಬಲ್ಬು ಉರಿಸಿದ್ದಳು, ಅದೂ ಇತ್ತು. ಉಮಾನಾಥನ ಪೆಟ್ಟಿಗೆಯ ಮೂಲೆಯಲ್ಲೂ ಒಂದು ಝೀರೋ ಬಲ್ಬು ಕುಳಿತಿತ್ತು. ಸಮುದ್ರದಿಂದ ಅಷ್ಟು ದೂರದ ಕಾರ್ಕಳಕ್ಕೆ ಎಲ್ಲಿಯ ಉಪ್ಪುಗಾಳಿ? ಅವನು ಅದನ್ನೂ ನಂಬಿ ಹಾಕಿದ್ದ.

ಅವಳ ಹೆಸರು ಮೊದಲ ಪುಟದಲ್ಲಿ ಇರಲಿಲ್ಲ. ಕೊನೆಯ ಪುಟದಲ್ಲಿಯೂ ಇರಲಿಲ್ಲ. ಎರಡು ಸಲ ಹುಡುಕಿದಳು.

ಈ ರಘುವೀರರ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ಪ್ರಫುಲ್ಲಾ ಕೆಲಸಕ್ಕಿದ್ದ ಕಾಲೇಜಿನಲ್ಲೇ ಪ್ರೊಫೆಸರ್ ಆಗಿದ್ದವರು. ಲ್ಯಾಬಿನ ಮೂಲೆಯಲ್ಲಿ ಸತ್ತು ಬಿದ್ದಿದ್ದ ಒಂದು ರಿಸೀವರಿಗೆ ಅವಳು ಜೀವ ಬರಿಸಿದ್ದನ್ನು ನೋಡಿ, ನೀವು ಲೈಸೆನ್ಸ್ ಪರೀಕ್ಷೆಗೆ ಕೂರಬೇಕು ಎಂದವರು ಅವರೇ. ಪುಸ್ತಕ ಕೊಟ್ಟರು, ಮೋರ್ಸ್ ಸಂಕೇತ ಕಲಿಸಿದರು, ಪರೀಕ್ಷೆಯ ದಿನ ತಮ್ಮ ಕಾರಿನಲ್ಲೇ ಮಂಗಳೂರಿಗೆ ಕರೆದುಕೊಂಡು ಹೋಗಿ ಹೊರಗೆ ಬಿಸಿಲಲ್ಲಿ ಕಾದರು. ಹೆಂಗಸಿಗೆ ಇದೆಲ್ಲ ಯಾಕೆ ಎಂದವರ ಬಾಯಿ ಮುಚ್ಚಿಸಿದವರೂ ಅವರೇ. ಒಳ್ಳೆಯ ಸ್ವರ, ಒಳ್ಳೆಯ ಭಾಷೆ. ದಿನಾ ಬೆಳಗ್ಗೆ ಏಳಕ್ಕೆ ರೇಡಿಯೋದಲ್ಲಿ ಸೇರುವ 'ಕರಾವಳಿ ಚಾವಡಿ' ಎಂಬ ಕೂಟಕ್ಕೆ ಹದಿನೆಂಟು ವರ್ಷದಿಂದ ಅವರೇ ಯಜಮಾನರು. ಯಾರು ಯಾವಾಗ ಮಾತಾಡಬೇಕೆಂದು ಹೇಳುವುದು ಅವರು. ಪ್ರಫುಲ್ಲಾ ಅವರನ್ನು ಗುರು ಎಂದು ಬಾಯಿಬಿಟ್ಟು ಕರೆದದ್ದಿಲ್ಲ, ಆದರೆ ಮನಸ್ಸಿನಲ್ಲಿ ಬೇರೆ ಹೆಸರು ಇರಲಿಲ್ಲ.

ಈ ಆಂಪ್ಲಿಫೈಯರಿಗೆ ಅವಳು ಎರಡು ಮಳೆಗಾಲ ಕೊಟ್ಟಿದ್ದಳು. ಮೂರು ವಾಲ್ವು ಸುಟ್ಟಳು. ಒಂದು ಸಲ ಕೈಯ ಚರ್ಮ ಎದ್ದು ಬಂತು. ಪ್ರತಿ ಶನಿವಾರ ರಘುವೀರರು ಮಣಿಪಾಲದಿಂದ ಬಂದು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರುವರು, ಚಾ ಕುಡಿಯುವರು, ಅವಳು ಆ ವಾರ ಏನು ಬದಲಿಸಿದೆನೆಂದು ಹೇಳುವುದನ್ನು ತಲೆಯಾಡಿಸುತ್ತ ಕೇಳುವರು. ಬೇರೆ ಯಾರ ಹತ್ತಿರವೂ ನಾಲ್ಕು ವಾಕ್ಯ ಜೋಡಿಸದ ಪ್ರಫುಲ್ಲಾ ಅವರೆದುರು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಕೇಳುವವರು ಒಬ್ಬರಿದ್ದಾರೆಂಬ ಸಂತೋಷ ಅದು. ಆ ಸಂತೋಷಕ್ಕಾಗಿಯೇ ಶುಕ್ರವಾರ ಸಂಜೆ ಜಗಲಿ ಗುಡಿಸಿಡುತ್ತಿದ್ದಳು.

ಕಂಡೆನ್ಸರುಗಳ ಬೋರ್ಡು ಆದಿ ಉಡುಪಿಯ ಗುಜರಿಯಲ್ಲಿ ಸಿಕ್ಕಿದ್ದು, ಯಾವುದೋ ಹಳೆಯ ಎಕ್ಸ್‌ರೇ ಯಂತ್ರದ್ದು. ಅದರ ಅಡಿಯಲ್ಲಿ ಎಂಟು ರೆಸಿಸ್ಟರುಗಳು ಮೊದಲೇ ಬೆಸುಗೆಯಾಗಿ ಕುಳಿತಿದ್ದವು. ಹಾಗಾಗಿ ಅವಳು ಬೇರೆ ಬ್ಲೀಡರ್ ಹಾಕಲಿಲ್ಲ. ಒಂದು ಶನಿವಾರ ಬೋರ್ಡನ್ನು ಮಗುಚಿ, ಒಂದೊಂದರ ಮೇಲೂ ಬೆರಳಿಟ್ಟು ರಘುವೀರರಿಗೆ ತೋರಿಸಿದ್ದಳು. ಓಹೋ ಎಂದಿದ್ದರು. ಆಮೇಲೆ ಅವರು, "ಒಂದು ನಕ್ಷೆ ಬರೆದು ಕೊಡಿ ಪ್ರಫುಲ್ಲಾ, ನನ್ನ ಹತ್ತಿರ ನೆನಪಿಗೆ ಇರ್ಲಿ" ಎಂದಾಗ ಪೆನ್ಸಿಲಿನಲ್ಲಿ ಬರೆದು ಕೊಟ್ಟಳು. ಬೋರ್ಡಿನ ಅಡಿಯದ್ದನ್ನು ಬರೆಯಲಿಲ್ಲ. ಬರೆಯುವುದು ಯಾಕೆ, ಅವರಿಗೆ ಗೊತ್ತುಂಟಲ್ಲ! ಆ ನಕ್ಷೆ ಊರಿಗೆಂದು ಬರೆದದ್ದಲ್ಲ, ಒಬ್ಬರಿಗಾಗಿ ಬರೆದದ್ದು.

"ಉಮಾನಾಥ, ಇದನ್ನು ಬೇರೆ ಯಾರಾದ್ರೂ ಕಟ್ತಾ ಇದ್ದಾರಾ?"

"ಯಾಕಿಲ್ಲ ಅಕ್ಕ? ಇದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರ್ ನನ್ನ ಹತ್ತಿರವೇ ನಾಲ್ಕು ಜನ ಸುತ್ತಿಸಿಕೊಂಡು ಹೋಗಿದ್ದಾರೆ. ಬ್ರಹ್ಮಾವರದಲ್ಲಿ ಒಬ್ರದ್ದು ಮುಗೀಲಿಕ್ಕೆ ಬಂತು. ಬರುವ ಭಾನುವಾರ ಸರ್‌ಗೆ ಮಣಿಪಾಲದಲ್ಲಿ ಸನ್ಮಾನ ಉಂಟಲ್ವಾ, ಅದರ ಮೊದಲು ಇದನ್ನು ಹಾಕಿ ಗಾಳಿಯಲ್ಲಿ ಮಾತಾಡ್ಬೇಕು ಅಂತ ಎಲ್ರಿಗೂ ಹಟ."

ಪ್ರಫುಲ್ಲಾ ಕುರ್ಚಿಯಲ್ಲಿ ಕುಳಿತಳು. ಆ ಹೊತ್ತಿಗೆ ಅವಳಿಗೆ ಕಳ್ಳತನದ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಯಿತು. ನಕ್ಷೆಯಲ್ಲಿ ತಪ್ಪುಂಟು, ಕೆಲಸ ನಿಲ್ಲಿಸಿ ಎಂದು ಉಮಾನಾಥನಿಂದ ಅಲ್ಲೇ ನಾಲ್ವರಿಗೂ ಫೋನ್ ಮಾಡಿಸಿದಳು. ಇಬ್ಬರು ಆಗಲಿ ಎಂದರು. ಒಬ್ಬರು ಎತ್ತಲಿಲ್ಲ. ಬ್ರಹ್ಮಾವರದವರು ಮಾತ್ರ ಗದರಿದರು. "ಪ್ರೊಫೆಸರ್ ಎರಡು ವರ್ಷ ಕೂತು ಮಾಡಿದ ಡಿಸೈನಿಗೆ ರಿಪೇರಿಯವರು ತಿದ್ದುಪಡಿ ಹೇಳುವುದಾ? ಸರ್ ಹೇಳಲಿ, ಆಮೇಲೆ ನೋಡುವ." ಸ್ಪೀಕರಿನಲ್ಲಿ ಬಂದ ಆ ಮಾತು ಜಗಲಿಗೆಲ್ಲ ಕೇಳಿಸಿತು. ಉಮಾನಾಥ ತಲೆ ತಗ್ಗಿಸಿಕೊಂಡ. ಪ್ರಫುಲ್ಲಾ ಅವನ ಸುರುಳಿ ಬಿಚ್ಚಿ ಮೂರೇ ಸುತ್ತು ಸುತ್ತಿ, ಸುಟ್ಟ ರೆಸಿಸ್ಟರು ಬದಲಿಸಿ, ತನ್ನ ಡಬ್ಬದಿಂದ ಎಂಟು ಬ್ಲೀಡರ್ ತೆಗೆದು ಬೆಸುಗೆ ಹಾಕಿ ಕೊಟ್ಟು, ಸೀರೆ ಬದಲಿಸಿ, ಉಡುಪಿಯ ಬಸ್ಸು ಹತ್ತಿದಳು.

ಮಣಿಪಾಲದ ಫ್ಲ್ಯಾಟಿನ ಬಾಗಿಲು ತೆಗೆದವರು ರಘುವೀರರ ಹೆಂಡತಿ ನಳಿನಾಕ್ಷಿ. ಮುಖವಿಡೀ ನಗು.

"ಬನ್ನಿ ಬನ್ನಿ. ಭಾನುವಾರ ನೀವು ತಪ್ಪದೇ ಬರಬೇಕು ಮಾರಾಯ್ರೆ. ಇವರಿಗೆ ಶಾಲು, ಸ್ಮರಣಿಕೆ ಎಲ್ಲ ಉಂಟು. ಎರಡು ವರ್ಷ ಇದರದ್ದೇ ಧ್ಯಾನ ಅಲ್ವಾ ಇವರಿಗೆ! ಶನಿವಾರ ಬಂತೂಂದ್ರೆ ಎಲ್ಲಿಗೋ ಹೋಗಿ ಕೂತು ಪ್ರಯೋಗ ಮಾಡಿದ್ದೇ ಮಾಡಿದ್ದು."

ಆ 'ಎಲ್ಲಿಗೋ' ತನ್ನ ಜಗಲಿ ಎಂದು ಪ್ರಫುಲ್ಲಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಈ ಹೆಂಗಸಿಗೆ ಅದನ್ನು ಹೇಳಿಯೇ ಇಲ್ಲ. ಅಷ್ಟು ಚಾ, ಅಷ್ಟು ಮಾತು, ಎಲ್ಲದಕ್ಕೂ ಊರಿಲ್ಲ, ಹೆಸರಿಲ್ಲ. ಅಲ್ಲಿಯವರೆಗೆ ಎಲ್ಲೋ ಏನೋ ತಪ್ಪಾಗಿರಬಹುದು, ಅಚ್ಚು ಹಾಕಿಸಿದವರು ಹೆಸರು ಬಿಟ್ಟಿರಬಹುದು ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಇನ್ನು ಹಾಗೆ ಹೇಳಿಕೊಳ್ಳುವಂತಿರಲಿಲ್ಲ.

ರಘುವೀರರು ಒಳಗಿನಿಂದ ಬಂದು, ನಳಿನಾಕ್ಷಿ ಕಾಫಿಗೆಂದು ಹೋದ ಮೇಲೆ ತಾವೇ ಮಾತು ತೆಗೆದರು.

"ಕೈಪಿಡಿ ನೋಡಿದ್ರಿ ಅಂತ ಕಾಣ್ತದೆ. ನಿಮಗೆ ಬೇಸರ ಆಗಿರಬಹುದು. ಆದರೆ ನೋಡಿ ಪ್ರಫುಲ್ಲಾ, ಕೆಲಸ ಮಾಡುವುದು ಬೇರೆ, ಅದನ್ನು ಜನರ ಮುಂದೆ ಇಡುವುದು ಬೇರೆ. ನೀವು ವೇದಿಕೆ ಹತ್ತುವವರಲ್ಲ, ಮೈಕ್ ಹಿಡಿಯುವವರಲ್ಲ. ನಾನು ಬರೆಯದಿದ್ರೆ ಅದು ನಿಮ್ಮ ಡ್ರಾವರಿನಲ್ಲೇ ಉಳೀತಿತ್ತು."

"ಉಳೀತಿತ್ತು ಸರ್. ಡ್ರಾವರ್ ನನ್ನದಲ್ವಾ."

ಇಷ್ಟು ವರ್ಷದಲ್ಲಿ ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ರಘುವೀರರು ಕನ್ನಡಕ ಸರಿಮಾಡಿಕೊಂಡರು.

"ಅದು ಇರ್ಲಿ ಸರ್," ಪ್ರಫುಲ್ಲಾ ಹೇಳಿದಳು. "ನಕ್ಷೆಯಲ್ಲಿ ಬ್ಲೀಡರ್ ಇಲ್ಲ. ಉಮಾನಾಥನ ಪೆಟ್ಟಿಗೆಯಲ್ಲಿ ನಾಲ್ಕು ನಿಮಿಷದ ಮೇಲೂ ಪೂರ್ತಿ ವೋಲ್ಟು ಇತ್ತು. ನನ್ನ ಕೋಲಿನ ಕೊಕ್ಕೆ ಕರಗಿದೆ. ಕೈ ಹಾಕಿದ್ರೆ ಮನುಷ್ಯ ಉಳಿಯುವುದಿಲ್ಲ. ನಾಳೆ ಬೆಳಗ್ಗೆ ಚಾವಡಿಯಲ್ಲಿ ಎಲ್ಲರಿಗೂ ಹೇಳಿ. ನಿಮ್ಮ ಹೆಸರಿನಲ್ಲೇ ಹೇಳಿ, ನನಗೆ ಬೇಡ."

ರಘುವೀರರು ಮೊಬೈಲ್ ತೆಗೆದು ತಮ್ಮದೇ ಲೇಖನದ ನಕ್ಷೆಯನ್ನು ಬೆರಳಿನಿಂದ ಅತ್ತಿತ್ತ ಸರಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಪ್ರಫುಲ್ಲಾಳಿಗೆ ಅವರ ಮೇಲೆ ಕನಿಕರವೇ ಹುಟ್ಟಿತು. ಈಗ ಒಪ್ಪಿಕೊಳ್ಳುತ್ತಾರೆ, ಆಮೇಲೆ ನಾನೂ ಮರೆಯುತ್ತೇನೆ ಎಂದುಕೊಂಡಳು.

"ಸೋಮವಾರ ಹೇಳುವ," ಎಂದರು ಅವರು.

"ಎಂತ?"

"ಭಾನುವಾರ ಕಳೀಲಿ. ಸಣ್ಣ ಸುಧಾರಣೆ ಅಂತ ಹಾಕಿದ್ರಾಯ್ತು. ಸನ್ಮಾನಕ್ಕೆ ಮೊದಲೇ ತಪ್ಪು ಅಂತ ಹೇಳಿದ್ರೆ ಜನ ಎಂತ ತಿಳ್ಕೊಳ್ತಾರೆ?"

"ಅಷ್ಟರಲ್ಲಿ ಯಾರಾದ್ರೂ ಸತ್ರೆ ಎಂತ ತಿಳ್ಕೊಳ್ತಾರೆ ಸರ್?"

ಅವರ ಸ್ವರ ತಣ್ಣಗಾಯಿತು. "ನೋಡಿ, ನಿಮ್ಮ ಒಳ್ಳೆಯದಕ್ಕೆ ಹೇಳ್ತೇನೆ. ನೀವು ಕೊಟ್ಟ ನಕ್ಷೆಯಲ್ಲೂ ಅದು ಇರ್ಲಿಲ್ಲ. ನಕ್ಷೆ ನನ್ನದು ಅಂತ ನೀವು ಹೇಳ್ಲಿಕ್ಕೆ ಹೊರಟ್ರೆ ಈ ತಪ್ಪು ಸಹ ನಿಮ್ಮದೇ ಆಗ್ತದೆ. ಎರಡೂ ಒಟ್ಟಿಗೆ ಬರ್ತದೆ. ಯೋಚನೆ ಮಾಡಿ."

ನಳಿನಾಕ್ಷಿ ಕಾಫಿ ತಂದರು. ಪ್ರಫುಲ್ಲಾ ಕುಡಿಯಲಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಮೋಸ ಮಾಡಿದವರು ಸೋಫಾದಲ್ಲಿ ಕುಳಿತಿದ್ದರು, ನಾಚಿಕೆ ಮಾತ್ರ ಇವಳ ಪಾಲಿಗೆ ಬಂದಿತ್ತು. ಬಿಸಿಲಲ್ಲಿ ಪರೀಕ್ಷಾ ಕೊಠಡಿಯ ಹೊರಗೆ ಕಾದ ಮನುಷ್ಯ ಇವರೇ ಹೌದಾ ಎಂದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಕೊಂಡಳು. ಹೌದು, ಇವರೇ. ಅದೇ ಹೊಟ್ಟೆ ಉರಿಸಿದ್ದು.

ಮರುದಿನ ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಅವಳು ಸೆಟ್ಟಿನ ಮುಂದೆ ಕುಳಿತಳು. ಅಣ್ಣು ಬಾಗಿಲಲ್ಲಿ ನಿಂತಿದ್ದ.

"ಮಾತಾಡ್ತೀಯಾ?"

"ಮಾತಾಡ್ಬೇಕು."

"ತಪ್ಪು ನನ್ನದು ಅಂತ ಹೇಳಿದ್ರೆ ನಾಳೆಯಿಂದ ರಿಪೇರಿಗೆ ಯಾರೂ ಬರ್ಲಿಕ್ಕಿಲ್ಲ ಪ್ರಫುಲ್ಲಾ."

"ಗೊತ್ತುಂಟು."

ಅದು ಅವಳಿಗೆ ಸಣ್ಣ ಮಾತಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವಳು ಗಳಿಸಿದ್ದು ಅದೊಂದೇ: ಪ್ರಫುಲ್ಲಾ ಮುಟ್ಟಿದ ಪೆಟ್ಟಿಗೆ ಯಾರಿಗೂ ಹೊಡೆಯುವುದಿಲ್ಲ ಎಂಬ ಮಾತು. ಸುಮ್ಮನೆ ಎಚ್ಚರಿಕೆ ಹೇಳಿದರೆ ಸಾಲದು. ಬ್ರಹ್ಮಾವರದವರ ಹಾಗೆ ಎಲ್ಲರೂ, ಸರ್ ಹೇಳಲಿ, ಅನ್ನುತ್ತಾರೆ. ನಕ್ಷೆ ಬರೆದವಳು ನಾನು ಎಂದರೆ ಮಾತ್ರ ನಂಬುತ್ತಾರೆ. ಹಾಗೆಂದರೆ ಬಿಟ್ಟವಳೂ ನಾನು ಎನ್ನಲೇಬೇಕು.

ರಘುವೀರರ ಸ್ವರ ಸ್ಪಷ್ಟವಾಗಿ ಬಂತು. ಶುಭೋದಯ, ಹವಾಮಾನ, ಭಾನುವಾರದ ಕಾರ್ಯಕ್ರಮದ ವಿವರ. ಕಲ್ಯಾಣಪುರದ ಆಂಡ್ರ್ಯೂ, ಕುಂದಾಪುರದವರು, ಬ್ರಹ್ಮಾವರದವರು ಒಬ್ಬೊಬ್ಬರಾಗಿ ಹಾಜರ್ ಹೇಳಿದರು. ಚಾವಡಿಯಲ್ಲಿ ಯಜಮಾನರು ಕರೆಯದೆ ಯಾರೂ ಬಾಯಿ ಹಾಕುವಂತಿಲ್ಲ. ಒಂದಕ್ಕೆ ಮಾತ್ರ ವಿನಾಯಿತಿ. ಜೀವಕ್ಕೆ ಅಪಾಯವಿದ್ದಾಗ ಮೂರು ಸಲ ಬ್ರೇಕ್ ಎಂದರೆ ಎಷ್ಟು ದೊಡ್ಡವರಾದರೂ ಜಾಗ ಬಿಡಬೇಕು. ಹದಿನೆಂಟು ವರ್ಷದಲ್ಲಿ ಅದನ್ನು ಬಳಸಿದ್ದು ಎರಡೇ ಸಲ, ಎರಡೂ ಸಲ ನೆರೆ ಬಂದಾಗ.

"ಬ್ರೇಕ್, ಬ್ರೇಕ್, ಬ್ರೇಕ್," ಎಂದಳು ಪ್ರಫುಲ್ಲಾ.

ಎಲ್ಲ ಸ್ವರಗಳೂ ನಿಂತವು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೈಪಿಡಿಯ ಆಂಪ್ಲಿಫೈಯರ್ ಕಟ್ಟುತ್ತಾ ಇರುವವರು ದಯವಿಟ್ಟು ನಿಲ್ಲಿಸಿ. ಆ ನಕ್ಷೆಯಲ್ಲಿ ಬ್ಲೀಡರ್ ಇಲ್ಲ. ಕರೆಂಟು ತೆಗೆದ್ರೂ ಅದು ಕೊಲ್ತದೆ. ನಕ್ಷೆ ಬರೆದವಳು ನಾನು. ಕಾಪುವಿನಲ್ಲಿ, ನನ್ನ ಮನೆಯಲ್ಲಿ ಕಟ್ಟಿ, ನಾನೇ ಬರೆದದ್ದು. ನನ್ನ ಬೋರ್ಡಿನ ಅಡಿಯಲ್ಲಿ ರೆಸಿಸ್ಟರುಗಳು ಇದ್ದವು, ಅದಕ್ಕೆ ನಾನು ಬರೀಲಿಲ್ಲ. ಬರೀಬೇಕಿತ್ತು. ತಪ್ಪು ನನ್ನದು. ಯಾರ ಮಾತಿಗೂ ಕಾಯ್ಬೇಡಿ, ಮುಚ್ಚಳ ಮುಟ್ಟಬೇಡಿ."

ಬಟನ್ ಬಿಟ್ಟಳು. ಬದುಕಿನಲ್ಲಿ ಒಟ್ಟಿಗೆ ಅಷ್ಟು ಮಾತು ಗಾಳಿಗೆ ಬಿಟ್ಟವಳಲ್ಲ ಅವಳು. ಇನ್ನೇನು, 'ಹೌದು, ನಕ್ಷೆ ಅವರದ್ದೇ' ಎಂಬ ಒಂದು ಮಾತು ಆ ಕಡೆಯಿಂದ ಬರುತ್ತದೆ ಎಂದು, ನಿನ್ನೆ ಅಷ್ಟಾದ ಮೇಲೂ, ಅವಳ ಮನಸ್ಸು ಆಸೆಪಟ್ಟಿತು.

ರಘುವೀರರು ಬಂದರು. ಸ್ವರದಲ್ಲಿ ಒಂದು ಚೂರೂ ನಡುಕವಿರಲಿಲ್ಲ.

"ಧನ್ಯವಾದಗಳು. ಸ್ನೇಹಿತರೇ, ನನ್ನ ಆಂಪ್ಲಿಫೈಯರಿನ ಜೋಡಣೆಯಲ್ಲಿ ನೆರವಾಗಿದ್ದ ಸಹಾಯಕಿ ಈಗ ತಾನೇ ಮಾತಾಡಿದರು. ನಕ್ಷೆಯ ಪ್ರತಿ ತೆಗೆಯುವಾಗ ಆದ ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಿದ್ದಾರೆ. ಅವರ ದೊಡ್ಡ ಮನಸ್ಸು. ನಾವೆಲ್ಲ ಅವರನ್ನು ಕ್ಷಮಿಸೋಣ. ನಾನು ಶೀಘ್ರದಲ್ಲೇ ತಿದ್ದುಪಡಿ ಪ್ರಕಟಿಸುತ್ತೇನೆ."

ಅಣ್ಣು ಬಾಗಿಲಿನ ಚೌಕಟ್ಟಿಗೆ ಹೊಡೆದ. ರಘುವೀರರು ನಕ್ಷೆಯನ್ನು ಇಟ್ಟುಕೊಂಡು ತಪ್ಪನ್ನು ಮಾತ್ರ ಅವಳ ಮಡಿಲಿಗೆ ಹಾಕಿದ್ದರು, ಅದೂ ಎಷ್ಟು ಚಂದದ ಕನ್ನಡದಲ್ಲಿ!

ಆಗ ಆಂಡ್ರ್ಯೂ ಬಂದರು. ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದ ಮುದುಕ, ಎಂಬತ್ತು ದಾಟಿದೆ. ಅವರು ಯಾರ ಪರವೂ ಇರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದರು.

"ರಘುವೀರ, ಪ್ರಕಟಣೆ ಆಮೇಲೆ ಆಗ್ಲಿ ಮಾರಾಯ. ಆ ರೆಸಿಸ್ಟರ್ ಎಷ್ಟು ಓಮು, ಎಷ್ಟು ವ್ಯಾಟು? ಈಗಲೇ ಹೇಳು. ನಾನು ಪೆನ್ನು ಹಿಡ್ಕೊಂಡಿದ್ದೇನೆ, ಉಳಿದವರೂ ಹಿಡ್ಕೊಂಡಿರ್ತಾರೆ. ಓವರ್."

ಗಾಳಿಯಲ್ಲಿ ಬರೀ ಸುಂಯ್ ಎಂಬ ಸದ್ದು.

ಪ್ರಫುಲ್ಲಾ ಗೋಡೆಯ ಗಡಿಯಾರ ನೋಡಿದಳು. ಐದು ಸೆಕೆಂಡು. ಹತ್ತು ಸೆಕೆಂಡು. ಹದಿನೆಂಟು ವರ್ಷದಲ್ಲಿ ರಘುವೀರರು ಚಾವಡಿಯಲ್ಲಿ ಇಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ. ಕರಾವಳಿಯ ಅಷ್ಟೂ ಮನೆಗಳಲ್ಲಿ ಅಷ್ಟೂ ಜನ ಕಿವಿ ಕೊಟ್ಟು ಕೂತಿದ್ದರು. ಅವಳು ಬಟನ್ ಒತ್ತದೆ ಇದ್ದರೆ ಸಾಕಿತ್ತು. ಇನ್ನೊಂದು ಅರ್ಧ ನಿಮಿಷ ಹೀಗೇ ಹೋದರೆ ನಕ್ಷೆ ಯಾರದ್ದೆಂದು ಯಾರೂ ಹೇಳುವುದೇ ಬೇಡ. ಒತ್ತಬೇಡ ಎಂದು ಅಣ್ಣು ಕೈಸನ್ನೆ ಮಾಡಿದ.

ಹದಿಮೂರನೇ ಸೆಕೆಂಡಿಗೆ ಯಾರೋ ಗೊಂದಲದಿಂದ, "ಹತ್ತು ಕಿಲೋ ಓಮ್ ಇರ್ಬಹುದಾ ಸರ್, ಅದನ್ನೇ ಹಾಕ್ಲಾ?" ಎಂದರು. ಬ್ರಹ್ಮಾವರದವರ ಸ್ವರ. ಹತ್ತು ಹಾಕಿದರೆ ಐದು ನಿಮಿಷದಲ್ಲಿ ಸುಟ್ಟು ಹೋಗುತ್ತದೆ, ಸುಟ್ಟರೆ ಪುನಃ ಅದೇ ಗತಿ. ಪ್ರಫುಲ್ಲಾ ಬಟನ್ ಒತ್ತಿದಳು.

"ಹತ್ತಲ್ಲ. ನೂರು ಕಿಲೋ ಓಮ್, ಐದು ವ್ಯಾಟ್. ಎಂಟು ಬೇಕು. ಪ್ರತಿ ಕಂಡೆನ್ಸರಿನ ಎರಡು ಕಾಲುಗಳ ನಡುವೆ ಒಂದೊಂದು. ಕರೆಂಟು ತೆಗೆದು ಎರಡು ನಿಮಿಷ ಕಾದು, ಆಮೇಲೂ ಕೋಲಿನಿಂದ ಮುಟ್ಟಿಯೇ ಕೈ ಹಾಕಿ. ಬರ್ಕೊಂಡದ್ದನ್ನು ಒಮ್ಮೆ ಓದಿ ಹೇಳಿ."

ಆಂಡ್ರ್ಯೂ ಓದಿ ಹೇಳಿದರು. ಕುಂದಾಪುರದವರು ಹೇಳಿದರು. ಫೋನ್ ಎತ್ತದಿದ್ದವರು ಹೇಳಿದರು. ಕೊನೆಗೆ ಬ್ರಹ್ಮಾವರದವರು, "ನೂರು ಕಿಲೋ, ಐದು ವ್ಯಾಟ್, ಎಂಟು," ಎಂದು ತಡೆದು, "ಮೇಡಂ, ಆ ಮೂರು ಸುತ್ತಿನ ಸುರುಳಿಗೆ ಎಷ್ಟು ದಪ್ಪದ ತಂತಿ?" ಎಂದು ಕೇಳಿದರು. ಸರ್ ಹೇಳಲಿ ಎನ್ನಲಿಲ್ಲ. ಅವಳು ಹೇಳಿದಳು. ಇನ್ನೊಬ್ಬರು ಇನ್ನೊಂದು ಕೇಳಿದರು, ಅದನ್ನೂ ಹೇಳಿದಳು. ನಾಲಿಗೆ ಅಂಟಲಿಲ್ಲ. ಏಳೂವರೆಗೆ ರಘುವೀರರು ಒಂದೇ ವಾಕ್ಯದಲ್ಲಿ ಚಾವಡಿ ಮುಗಿಸಿದರು.

ಅಣ್ಣು ಚಾ ತಂದು ಮೇಜಿನ ಮೇಲಿಟ್ಟ. "ಗೆದ್ದೆಯಲ್ಲ," ಎಂದ. "ಎಲ್ರಿಗೂ ಗೊತ್ತಾಯ್ತು ಈಗ. ಅಳುವುದೆಂತಕ್ಕೆ?"

ಪ್ರಫುಲ್ಲಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕದ್ರು ಅಂತ ಅಲ್ಲ," ಎಂದಳು. "ಬೋರ್ಡು ಮಗುಚಿ ಒಂದೊಂದೇ ತೋರ್ಸಿ ಹೇಳಿದ್ದೆ ಅವರಿಗೆ. ನೂರು ಕಿಲೋ ಅಂತ ಹೇಳಿದ್ದೆ. ಎರಡು ವರ್ಷ ಶನಿವಾರ ತಪ್ಪದೆ ಬಂದು ಕೂತ್ರಲ್ಲ, ಒಂದು ದಿವಸ ಆದ್ರೂ ಕೇಳಿಸಿಕೊಂಡಿದ್ರೆ ಇವತ್ತು ಉತ್ತರ ಹೇಳ್ತಿದ್ರು. ನಾನು ಅಷ್ಟು ದಿವಸ ಯಾರ ಹತ್ತಿರ ಮಾತಾಡಿದ್ದು ಹಾಗಾದ್ರೆ?"